ವೀರನಿಗೆ ಸಾಕ್ಷಿ ಯಾರು?

ನಮ್ಮ ವಾರ್ಷಿಕಗಳಲ್ಲಿ, ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ, ಆಗಸ್ಟ್ ತಿಂಗಳ ಪುರವಣಿಗಳಲ್ಲಿ ಸೈನಿಕನನ್ನು ಕುರಿತ ಬರಹಗಳಿಗೆ ಕೊರತೆಯಿಲ್ಲ. ಬಿಡಿಬಿಡಿಯಾಗಿ ಓದಿದಾಗ ಮನಸ್ಸು ತುಂಬಿ ಬರುವುದೂ ಉಂಟು. ಆದರೆ ಅಂಥ ಹತ್ತು ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಹೆಸರನ್ನು ಬೆರಳಿನಿಂದ ಮುಚ್ಚಿದರೆ ಇವನು ಯಾವ ಊರಿನವನು, ಯಾವ ಯುದ್ಧದಲ್ಲಿ ಕಾದಿದವನು, ಯಾರ ಎದುರು ನಿಂತವನು ಎಂದು ಹೇಳಲು ಬರುವುದಿಲ್ಲ. ಎಲ್ಲರೂ ಸಿಂಹದಂತೆ ಗರ್ಜಿಸುತ್ತಾರೆ. ಎಲ್ಲರೂ ನಗುನಗುತ್ತಲೇ ಪ್ರಾಣ ಬಿಡುತ್ತಾರೆ. ಇನ್ನೊಬ್ಬ ಮಗನಿದ್ದಿದ್ದರೆ ಅವನನ್ನೂ ಕಳಿಸುತ್ತಿದ್ದೆ ಎಂದು ಎಲ್ಲರ ತಾಯಂದಿರೂ ಹೇಳುತ್ತಾರೆ. ಹೊಗಳಿಕೆ ಹೀಗೆ ಒಂದೇ ಅಚ್ಚಿನದಾದಾಗ ಹೊಗಳಿಸಿಕೊಂಡವನು ಅದರೊಳಗೆ ಕಾಣೆಯಾಗುತ್ತಾನೆ.

ಇದನ್ನು ಬರೆಯುವವರ ಪ್ರತಿಭೆಯ ಕೊರತೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಅದು ಸಾಕ್ಷಿಯ ಕೊರತೆ ಎನ್ನಿಸುತ್ತದೆ. ವೀರನ ಕಥೆಯನ್ನು ಯಾರು ಕಂಡು ಹೇಳುತ್ತಿದ್ದಾರೆ, ಯಾರ ಸಮ್ಮುಖದಲ್ಲಿ ಹೇಳುತ್ತಿದ್ದಾರೆ, ಹೇಳುವಾಗ ಏನನ್ನು ಬಿಡುತ್ತಿದ್ದಾರೆ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಒಂದು ನಿರ್ದಿಷ್ಟ ಪ್ರಸಂಗವನ್ನು ನೋಡುವುದು ಈ ಲೇಖನದ ಉದ್ದೇಶ.

ಪ್ರಸಂಗ ನಮ್ಮಿಂದ ದೂರದ, ಆದರೆ ನಮ್ಮಂಥದೇ ಒಂದು ಸೀಮೆಯದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ್ ಜಿಲ್ಲೆಯಿಂದ ಜಹೀರಾಬಾದ್ ತಾಲೂಕಿನ ಹೆಚ್ಚಿನ ಭಾಗ ಮತ್ತು ನಾರಾಯಣಖೇಡ್ ತಾಲೂಕು, ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ಅವು ತೆಲಂಗಾಣದಲ್ಲಿವೆ. ಈಗ ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿವೆ. ಅಲ್ಲಿನ ಕನ್ನಡ ಮನೆಗಳ ಪಾಡು ನಮಗೆ ಬಿಡಿಸಿ ಹೇಳಬೇಕಾದುದಲ್ಲ. ಅಡುಗೆಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು. ನಮ್ಮಲ್ಲಿ ಮಲಯಾಳವಿರುವ ಜಾಗದಲ್ಲಿ ಅಲ್ಲಿ ತೆಲುಗು ಇದೆ, ಅದರ ಪಕ್ಕದಲ್ಲಿ ಉರ್ದು ಇದೆ. ಒಂದೇ ದಿನ, ಒಂದೇ ಕಾಯಿದೆಯಿಂದ ಗಡಿಯಾಚೆ ಉಳಿದ ಎರಡು ಸೀಮೆಗಳವರು ಪರಸ್ಪರರ ಕಥೆಗಳನ್ನು ಓದಿಕೊಂಡದ್ದು ಮಾತ್ರ ಕಡಿಮೆ.

ಆ ಸೀಮೆಯ ಮೇಲೆ ಎಂಟು ವರ್ಷ ಮೊದಲು, 1948ರ ಸೆಪ್ಟೆಂಬರಿನಲ್ಲಿ, ಒಂದು ಸೈನ್ಯ ಹಾದುಹೋಯಿತು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಳ್ಳಲು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಪಡೆ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟಿತು. ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್ ದಾಟಿ 16ರಂದು ಜಹೀರಾಬಾದಿನ ದಾರಿ ಹಿಡಿಯಿತು. ದಾರಿಯಲ್ಲಿ ನೆಲಬಾಂಬುಗಳನ್ನು ಹುಗಿದಿದ್ದರಿಂದ ನಡಿಗೆ ನಿಧಾನವಾಯಿತು. ಬೀದರ್ ರಸ್ತೆ ಹೆದ್ದಾರಿಯನ್ನು ಕೂಡುವ ಕಡೆ ಹೊಂಚು ಹಾಕಿದ್ದವರು ಗುಂಡು ಹಾರಿಸಿದರು. ಅವರನ್ನು ಎದುರಿಸಲು ಕೆಲವು ತುಕಡಿಗಳನ್ನು ಅಲ್ಲೇ ಬಿಟ್ಟು ಉಳಿದ ಪಡೆ ರಾತ್ರಿಯ ಹೊತ್ತಿಗೆ ಜಹೀರಾಬಾದನ್ನು ದಾಟಿ ಮುಂದೆ ಹೋಗಿತ್ತು. ಮರುದಿನ ಬೀದರ್ ವಶವಾಯಿತು. ಅದೇ ದಿನ ನಿಜಾಮರು ಕದನ ವಿರಾಮ ಸಾರಿದರು.

ಈ ಐದು ದಿನಗಳ ಮೊದಲ ದಿನವೇ ಇಬ್ಬರು ಸೈನಿಕರು ಮಾಡಿದ ಕೆಲಸಕ್ಕೆ ಮುಂದೆ ಅತ್ಯುನ್ನತ ಪದಕ ಬಂತು. ಒಬ್ಬರು ಸಿಖ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿನ ಹವಾಲ್ದಾರ್ ಬಚಿತ್ತರ್ ಸಿಂಗ್, ಪಂಜಾಬಿನ ಲೋಪೋ ಗ್ರಾಮದವರು. ನಳದುರ್ಗದ ಬಳಿ ತಮ್ಮ ಪ್ಲಟೂನಿನ ಕಡೆ ನುಗ್ಗಿ ಬಂದ ಎರಡು ವಾಹನಗಳನ್ನು ಗುಂಡಿನ ಮಳೆಯ ನಡುವೆಯೇ ವಶಪಡಿಸಿಕೊಂಡರು. ಆಮೇಲೆ ಭದ್ರವಾದ ಒಂದು ಠಾಣೆಯ ಮೇಲೆ ದಾಳಿ ನಡೆಸುವಾಗ ತೊಡೆಗೆ ಗುಂಡು ಬಿತ್ತು. ತೆವಳಿಕೊಂಡು ಮುಂದೆ ಹೋಗಿ ಕೈಬಾಂಬು ಎಸೆದು ಅಲ್ಲಿನ ಬಂದೂಕನ್ನು ನಿಲ್ಲಿಸಿದರು. ಹಿಂದಕ್ಕೆ ಸಾಗಿಸಲು ಒಪ್ಪದೆ ತಮ್ಮವರಿಗೆ ಧೈರ್ಯ ಹೇಳುತ್ತಲೇ ತೀರಿಕೊಂಡರು. ಇನ್ನೊಬ್ಬರು ಐದನೆಯ ಗೂರ್ಖಾ ರೈಫಲ್ಸಿನ ನಾಯಕ್ ನರಬಹಾದುರ್ ಥಾಪಾ. ತುಂಗಭದ್ರೆಯ ರೈಲು ಸೇತುವೆಯ ಬಳಿ ತಮ್ಮವರನ್ನು ತಲೆಯೆತ್ತಗೊಡದ ಬ್ರೆನ್ ಗನ್ನಿನ ಕಡೆ ಬಯಲಿನಲ್ಲಿ ಓಡಿಹೋಗಿ ಖುಕುರಿಯಿಂದಲೇ ಅದನ್ನು ಸುಮ್ಮನಾಗಿಸಿದರು. ಅವರು ಬದುಕಿ ಉಳಿದರು.

ಇಬ್ಬರಿಗೂ ದೊರೆತದ್ದು ಅಶೋಕ ಚಕ್ರ. ಇಲ್ಲಿ ವಿಮರ್ಶಕ ಸ್ವಲ್ಪ ನಿಲ್ಲಬೇಕು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು 1950ರ ಜನವರಿ 26ರಂದು ಸ್ಥಾಪನೆಯಾದವು. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಅವು ಸಲ್ಲುತ್ತವೆ. ಅಶೋಕ ಚಕ್ರ ಸ್ಥಾಪನೆಯಾದದ್ದು 1952ರ ಜನವರಿ 4ರಂದು. ಶತ್ರುವಿನ ಎದುರಲ್ಲದ ಸಂದರ್ಭದ ಶೌರ್ಯಕ್ಕೆ ಅದು. ಎರಡೂ 1947ರ ಆಗಸ್ಟ್ 15ರಿಂದಲೇ ಅನ್ವಯ. ಹೈದರಾಬಾದಿನ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಹಾಗಾಗಿ ಬ್ರೆನ್ ಗನ್ನುಗಳು, ನೆಲಬಾಂಬುಗಳು, ಟ್ಯಾಂಕುಗಳು ಇದ್ದ ಆ ರಣರಂಗದ ಶೌರ್ಯ ಎರಡನೆಯ ಸಾಲಿನಲ್ಲಿ ದಾಖಲಾಯಿತು. ಇದನ್ನು ಕಾನೂನಿನ ನುಡಿಗಟ್ಟಿನ ಚಮತ್ಕಾರ ಎಂದು ನಾವು ನಗಬಹುದು. ಆದರೆ ಆ ನುಡಿಗಟ್ಟು ತಾನು ಉದ್ದೇಶಿಸದೆಯೇ ಒಂದು ಸತ್ಯವನ್ನು ಹೇಳುತ್ತಿದೆ ಎಂದು ನನಗೆ ತೋರುತ್ತದೆ. ಎದುರಿಗೆ ಬಂದೂಕು ಹಿಡಿದು ನಿಂತವನು ಹೊರದೇಶದವನಾಗಿರಲಿಲ್ಲ. ಐದು ದಿನಗಳ ಮೇಲೆ ಇದೇ ಬಾವುಟದ ಕೆಳಗೆ ಬದುಕಬೇಕಾದವನು ಅವನು. ನಮ್ಮ ಭಾಷಣಗಳಲ್ಲಿ ಶತ್ರು ಎಂಬ ಮಾತು ಸಲೀಸಾಗಿ ಬರುತ್ತದೆ. ಪದಕದ ಭಾಷೆ ಆ ಮಾತನ್ನು ಬಳಸಲಿಲ್ಲ. ಭಾಷಣಕ್ಕಿಂತ ಪದಕವೇ ಇಲ್ಲಿ ಹೆಚ್ಚು ಎಚ್ಚರದ ಸಾಹಿತ್ಯ.

ಪದಕದ ಜೊತೆ ಬರುವ ಪ್ರಶಸ್ತಿಪತ್ರದ ಒಕ್ಕಣೆಯನ್ನು ಸಾಹಿತ್ಯ ಎಂದು ಕರೆದದ್ದಕ್ಕೆ ಕಾರಣವಿದೆ. ಕನ್ನಡದ ಬರವಣಿಗೆಯ ಮೊದಲ ದಿನಗಳಿಂದಲೂ ಅದು ಇದೆ. ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನ ಏನು? ಕೇಕಯ ಪಲ್ಲವರೊಡನೆ ಕಾದಿ ಗೆದ್ದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು ಕೊಟ್ಟ ಪತ್ರ. ಆ ಕೊಡುಗೆಗೆ ಅಲ್ಲಿರುವ ಹೆಸರು ಬಾಳ್ಗಳ್ಚು, ಅಂದರೆ ಕತ್ತಿ ತೊಳೆಯುವ ಕಾಣಿಕೆ. ನಮ್ಮ ಭಾಷೆಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು ಯೋಧನೊಬ್ಬನ ಶೌರ್ಯದ ಒಕ್ಕಣೆ ಎಂಬುದು ಗಮನಿಸತಕ್ಕ ಸಂಗತಿ. ಇನ್ನೂ ಗಮನಿಸಬೇಕಾದದ್ದು, ಆ ಕೊಡುಗೆ ಸೇಂದ್ರಕ ಮತ್ತು ಬಾಣ ಎಂಬ ಎರಡು ನಾಡುಗಳ ವೀರರ ಸಮಕ್ಷಮದಲ್ಲಿ ನಡೆಯಿತು ಎಂದು ಶಾಸನ ನೆನಪಿಟ್ಟು ಹೇಳುತ್ತದೆ. ಅರಸ ಕೊಟ್ಟರೆ ಸಾಲದು, ಕಂಡವರು ಇರಬೇಕು. ಅವರೂ ಕಾದಾಡಿ ಬಲ್ಲವರಾಗಿರಬೇಕು.

ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿ ಮುಂದೆ ಕರ್ನಾಟಕವನ್ನು ಹೊಕ್ಕು ಮಳಖೇಡದ ಕೋಟೆಯ ಬುಡದಲ್ಲಿ ಸಾಗುತ್ತದೆ. ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಆ ರಾಜಧಾನಿಯ ಅರಸ ಮೂರನೆಯ ಕೃಷ್ಣನ ಕಾಲಕ್ಕೆ ಸೇರಿದ ಆತಕೂರು ಶಾಸನವನ್ನು ಇಲ್ಲಿ ನೆನೆಯಬೇಕು. ಅದು ಕ್ರಿ.ಶ. 949–50ರದು, ಕಲ್ಲು ಸಿಕ್ಕಿದ್ದು ಮಂಡ್ಯ ಸೀಮೆಯಲ್ಲಿ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದ. ಗಂಗರ ಬೂತುಗ ತನ್ನ ಯೋಧ ಮಣಲೇರನ ಪರಾಕ್ರಮವನ್ನು ಮೆಚ್ಚಿ ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಕೂಡಿ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಆ ಭೂಮಿಯ ಗೊರವ ಉಣ್ಣಬಾರದೆಂದು ಕಟ್ಟಳೆ ಮಾಡಿದರು.

ದೊಡ್ಡ ಚಕ್ರವರ್ತಿಗಳ ಯುದ್ಧ, ಚೋಳ ರಾಜಕುಮಾರನ ಸಾವು ಎಲ್ಲವೂ ಒಂದೇ ಕಲ್ಲಿನ ಮೇಲಿವೆ, ಕಲ್ಲಿನ ನಡುವೆ ಮಾತ್ರ ನಾಯಿ ಮತ್ತು ಹಂದಿ ಇವೆ. ಮಣಲೇರನ ಹೆಸರನ್ನು ಬೆರಳಿನಿಂದ ಮುಚ್ಚಿ ನೋಡಿ. ಆದರೂ ಅವನನ್ನು ಗುರುತಿಸಬಹುದು. ಯುದ್ಧ ಗೆದ್ದು ಬಂದು ನಾಯಿಯನ್ನು ಬೇಡಿದವನು ಇನ್ನೊಬ್ಬನಿಲ್ಲ. ಒಳ್ಳೆಯ ಸ್ತುತಿಗೆ ಇದೇ ಗುರುತು.

ಈ ಪುಸ್ತಕದ ಇನ್ನರ್ಧದಲ್ಲಿರುವ ಭಾಷೆಯ ಕಡೆಗೆ ತಿರುಗಿದರೂ ಇಂಥದೇ ಪಾಠ ಸಿಗುತ್ತದೆ. ಕದಿವನೂರ್ ವೀರನ್ ತೆಯ್ಯವನ್ನು ನಮ್ಮಲ್ಲಿ ನೋಡದವರು ಕಡಿಮೆ. ಮಾಂಗಾಡಿನ ಮಂದಪ್ಪ ಮನೆಬಿಟ್ಟು ಕೊಡಗಿನ ಕಡೆ ಕದಿವನೂರಿಗೆ ಬಂದ, ಚೆಮ್ಮರತ್ತಿಯನ್ನು ಮದುವೆಯಾದ, ಕೊಡಗರೊಡನೆ ಯುದ್ಧಕ್ಕೆ ಹೋದ. ತೋಟ್ಟಂಪಾಟ್ಟು ಅವನ ಶೌರ್ಯವನ್ನು ಹೇಳುತ್ತದೆ. ಗಂಡಹೆಂಡಿರ ಜಗಳವನ್ನೂ, ಯುದ್ಧಕ್ಕೆ ಹೊರಟವನಿಗೆ ಅವಳು ಆಡಿದ ಕಟುಮಾತನ್ನೂ ಬಿಡದೆ ಹೇಳುತ್ತದೆ. ಗೆದ್ದು ಹಿಂತಿರುಗುವಾಗ ಕಡಿದುಹೋದ ಬೆರಳಿನಲ್ಲಿದ್ದ ಉಂಗುರಕ್ಕಾಗಿ ಮತ್ತೆ ರಣರಂಗಕ್ಕೆ ಹೋಗಿ ಅವನು ಸತ್ತದ್ದನ್ನು ಮುಚ್ಚುವುದಿಲ್ಲ. ತೆಯ್ಯ ಆಡುವಾಗ ಬಾಳೆದಿಂಡಿನಿಂದ ಕಟ್ಟಿ ದೀಪ ಹಚ್ಚಿದ ಚೆಮ್ಮರತ್ತಿಯ ತರ ಕಣ್ಣೆದುರಿಗೇ ಇರುತ್ತದೆ. ಹೆಂಡತಿ ಇಲ್ಲದೆ ವೀರನಿಲ್ಲ. ನಮ್ಮ ಇಂದಿನ ಸೈನಿಕ ಕವಿತೆಯಲ್ಲಿ ಹೆಂಡತಿ ಕಣ್ಣೀರು ಒರೆಸಿಕೊಂಡು ಆರತಿ ಎತ್ತುವ ಒಂದು ಸಾಲಿಗೆ ಬಂದು ಹೋಗುತ್ತಾಳೆ. ಯಾವುದು ಹೆಚ್ಚು ನಂಬುವಂತಿದೆ ಎಂದು ಓದುಗರೇ ಹೇಳಬೇಕು.

ಹಳೆಯ ಕಾಲಕ್ಕೆ ಮಾತ್ರ ಇದು ಸಾಧ್ಯ, ಆಧುನಿಕ ಯುದ್ಧಕ್ಕೆ ಸಾಕ್ಷಿ ಹೇಳುವುದು ಸೈನ್ಯದ ಕಡತ ಮಾತ್ರ ಎಂದು ಕೆಲವರು ಹೇಳಿಯಾರು. ಅದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಪ್ರಸಂಗವೇ ಉತ್ತರ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದು ಕಾಯ್ದಿರಿಸಿದ ವಿಮಾನ. ಅವರು ಹಿಂತಿರುಗಲಿಲ್ಲ. ಏನಾಯಿತೆಂದು ಈ ಕಡೆ ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಕಂಡವರು ಈ ಕಡೆ ಯಾರೂ ಇರಲಿಲ್ಲ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದಲೇ ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್ ಬರೆದ ಪುಸ್ತಕ 1979ರಲ್ಲಿ ಹೊರಬಂತು. ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿದ ಅಮ್ಜದ್ ಹುಸೇನ್ ಎಂಬ ಪೈಲಟ್‌ನ ಏಟಿಗೆ ಸಿಕ್ಕಿಯೂ ಒಂದು ಮಿಸ್ಟೇರ್ ತಿರುಗಿ ನಿಂತು ಕಾದಾಡಿ, ತನಗಿಂತ ಎಷ್ಟೋ ವೇಗದ ಆ ವಿಮಾನವನ್ನು ಉರುಳಿಸಿತು ಎಂಬ ವಿವರ ಅದರಿಂದ ತಿಳಿದುಬಂತು. ಅಮ್ಜದ್ ಹುಸೇನ್ ಹಾರಿಕೊಂಡು ಬದುಕಿದ್ದರು. ಆ ಮಿಸ್ಟೇರಿನಲ್ಲಿದ್ದವರು ದೇವಯ್ಯ ಎಂದು ಗೊತ್ತಾಗಿ, 1988ರಲ್ಲಿ, ಅಂದರೆ ಸತ್ತು ಇಪ್ಪತ್ತಮೂರು ವರ್ಷಗಳ ಮೇಲೆ, ಮಹಾವೀರ ಚಕ್ರ ಬಂತು.

ಎದುರಾಳಿಯ ಕಡೆಯಿಂದ ಬಂದ ಸಾಕ್ಷಿ ಅದು. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಇದೆಯೇ? ಎದುರಾಳಿಯನ್ನು ಹೇಡಿ ಎಂದು ಚಿತ್ರಿಸುವ ನಮ್ಮ ಕವಿಗಳು ಈ ಪ್ರಸಂಗವನ್ನು ಮತ್ತೆಮತ್ತೆ ಮನನ ಮಾಡಬೇಕು. ಎದುರಾಳಿ ಹೇಡಿಯಾಗಿದ್ದರೆ, ಸುಳ್ಳನಾಗಿದ್ದರೆ, ದೇವಯ್ಯನವರ ಶೌರ್ಯ ಇಂದಿಗೂ ಗೊತ್ತಾಗುತ್ತಿರಲಿಲ್ಲ. ಈ ಪ್ರಸಂಗವನ್ನು ಆಧರಿಸಿದ 2025ರ ಹಿಂದಿ ಚಲನಚಿತ್ರದಲ್ಲಿ ನಾಯಕನಿಗೆ ಬೇರೆ ಹೆಸರು ಇಟ್ಟಿದ್ದಾರೆ. ಎದುರಾಳಿಯಿಂದ ದೊರೆತ ಕಥೆಗೆ ನಮ್ಮವರಿಂದ ಹೆಸರೂ ಉಳಿಯಲಿಲ್ಲ.

ಈಗ ಮತ್ತೆ ಜಹೀರಾಬಾದಿನ ರಸ್ತೆಗೆ ಬರೋಣ. ಸೆಪ್ಟೆಂಬರ್ 17 ಬಂತೆಂದರೆ ಅಲ್ಲಿ ಬಾವುಟ ಏರುತ್ತದೆ. ಆದರೆ ಆ ದಿನದ ಹೆಸರು ಗಡಿಯ ಎರಡು ಕಡೆ ಬೇರೆ ಬೇರೆ. ಬೀದರಿನಲ್ಲಿ ಅದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ತೆಲಂಗಾಣದಲ್ಲಿ 2022ರಲ್ಲಿ ರಾಜ್ಯ ಸರ್ಕಾರಕ್ಕೆ ರಾಷ್ಟ್ರೀಯ ಸಮಗ್ರತಾ ದಿನ, ಕೇಂದ್ರ ಸರ್ಕಾರಕ್ಕೆ ಹೈದರಾಬಾದ್ ವಿಮೋಚನಾ ದಿನ. 2024ರಲ್ಲಿ ರಾಜ್ಯ ಅದನ್ನು ಪ್ರಜಾಪಾಲನಾ ದಿನ ಎಂದು ಆಚರಿಸಿತು. ಹೆಸರು ಇಷ್ಟು ಬದಲಾಗುವುದಕ್ಕೆ ರಾಜಕೀಯ ಕಾರಣ ಇದ್ದೇ ಇದೆ. ಅದರ ಕೆಳಗೆ ಇನ್ನೊಂದು ಕಾರಣವಿದೆ. ಆ ಸೆಪ್ಟೆಂಬರಿನ ಕಥೆಯನ್ನು ನಾವು ಪೂರ್ತಿ ಹೇಳಿಕೊಂಡಿಲ್ಲ.

ಪೂರ್ತಿ ಕಥೆ ಎಂದರೆ ಏನು? ರಜಾಕಾರರ ಹಾವಳಿ ಅದರ ಒಂದು ಭಾಗ. ಬಸವಕಲ್ಯಾಣದ ಕಡೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಆ ಸೀಮೆ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಸೈನ್ಯ ಬಂದ ಮೇಲೆ ನಡೆದದ್ದು ಇನ್ನೊಂದು ಭಾಗ. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದಲ್ಲಿ ಸುತ್ತಾಡಿತು. ಕಾರ್ಯಾಚರಣೆಯ ವೇಳೆಯಲ್ಲೂ ಆಮೇಲೂ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅದು ಅಂದಾಜಿಸಿತು. ಸತ್ತವರು ಬಹುಮಟ್ಟಿಗೆ ಮುಸಲ್ಮಾನರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಜಹೀರಾಬಾದ್ ಮತ್ತು ನಾರಾಯಣಖೇಡ್ ಆಗ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು ಎಂಬುದನ್ನು ನೆನಪಿಡಬೇಕು. ವರದಿ ಸೈನ್ಯದ ಕೆಲವರ ಮೇಲೂ ದೋಷ ಹೊರಿಸಿದೆ. ಬಹಳ ವರ್ಷ ಕಡತದಲ್ಲೇ ಇದ್ದ ಆ ವರದಿ 2013ರ ಹೊತ್ತಿಗೆ ಸಾರ್ವಜನಿಕರ ಕೈಗೆ ಬಂತು.

ಇದನ್ನು ಪದಕದ ಪಕ್ಕದಲ್ಲಿಟ್ಟು ಮಾತಾಡುವುದು ಸೈನಿಕನಿಗೆ ಅವಮಾನ ಎಂಬ ಆಕ್ಷೇಪ ಬರುತ್ತದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಯೋಚಿಸಿ. ಬಚಿತ್ತರ್ ಸಿಂಗ್ ಪ್ರಾಣ ಬಿಟ್ಟದ್ದು ಮೊದಲ ದಿನವೇ. ಆಮೇಲಿನ ಪಾಪದಲ್ಲಿ ಅವರ ಪಾಲಿಲ್ಲ. ಥಾಪಾ ಎದುರಿಸಿದ್ದು ತನ್ನತ್ತ ಗುಂಡು ಹಾರಿಸುತ್ತಿದ್ದ ಬಂದೂಕನ್ನು. ಎಲ್ಲವನ್ನೂ ವಿಜಯ ಎಂಬ ಒಂದೇ ಮಾತಿನಲ್ಲಿ ಮುಚ್ಚಿಟ್ಟಾಗಲೇ ಅವರ ಶೌರ್ಯವೂ ನಿರಾಯುಧರನ್ನು ಕೊಂದವರ ಕೆಲಸವೂ ಒಂದರೊಳಗೊಂದು ಬೆರೆತುಹೋಗುತ್ತವೆ. ಬಿಡಿಸಿ ಹೇಳಿದರೆ ಎರಡೂ ಬೇರೆಯಾಗುತ್ತವೆ. ಸೈನಿಕನ ಗೌರವ ಉಳಿಯುವುದು ಬಿಡಿಸಿ ಹೇಳುವುದರಿಂದಲೇ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಹಲವು ಕಡೆ ಹಿಂದೂಗಳು, ಗಂಡಸರೂ ಹೆಂಗಸರೂ, ತಮ್ಮ ಮುಸಲ್ಮಾನ ನೆರೆಯವರನ್ನು ಪ್ರಾಣವೊಡ್ಡಿ ಕಾಪಾಡಿದರು. ಒಂದೇ ಕಸುಬಿನವರಲ್ಲಿ ಈ ಮಮತೆ ಹೆಚ್ಚಾಗಿ ಕಂಡಿತು. ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರ ನಿಂತು, ತಮ್ಮ ಧರ್ಮದವರನ್ನೇ ಎದುರಿಸಿ, ಕೆಲವರು ಜೀವ ಕೊಟ್ಟರು ಎಂದು ಅದು ಹೇಳುತ್ತದೆ. ಓದುತ್ತಿದ್ದಾಗ ನಾನು ತಡೆದು ನಿಂತದ್ದು ಇಲ್ಲಿಯೇ. ಈ ನೇಕಾರರಿಗೆ ಆಜ್ಞೆ ಇರಲಿಲ್ಲ, ಬಂದೂಕು ಇರಲಿಲ್ಲ, ಹಿಂದೆ ರೆಜಿಮೆಂಟು ಇರಲಿಲ್ಲ. ಮಗ್ಗದ ಪಕ್ಕದ ಮಗ್ಗದವನು ಎಂಬ ನಂಟು ಮಾತ್ರ ಇತ್ತು. ಜೇಡರ ದಾಸಿಮಯ್ಯನಂಥ ನೇಕಾರ ವಚನಕಾರನನ್ನು ಕೊಂಡಾಡುವ ಭಾಷೆ ನಮ್ಮದು. ಈ ನೇಕಾರರನ್ನು ಕುರಿತು ಅದು ಏನು ಹೇಳಿದೆ? ಶತ್ರುವಿನ ಎದುರಲ್ಲದ ಶೌರ್ಯ ಎಂಬ ಪದಕದ ಮಾತಿಗೆ ಇವರಿಗಿಂತ ತಕ್ಕವರು ಬೇರೆ ಯಾರು?

ಆ ಪದಕ ಅವರಿಗೆ ಬರಲಿಲ್ಲ, ಬರುವ ದಾರಿಯೂ ಇರಲಿಲ್ಲ. ಪದಕ ಕೊಡಲು ಮೇಲಧಿಕಾರಿಯ ಸಾಕ್ಷಿ ಬೇಕು. ಕಲ್ಲು ನಿಲ್ಲಿಸಲು ಊರಿನ ಸಾಕ್ಷಿ ಸಾಕು. ನಮ್ಮ ಹಳೆಯ ಊರುಗಳು ತುರು ಕಾಯಲು ಹೋಗಿ ಸತ್ತವನಿಗೆ, ಹೆಣ್ಣಿನ ಮಾನ ಉಳಿಸಲು ಹೋಗಿ ಸತ್ತವನಿಗೆ ಅರಸನ ಅಪ್ಪಣೆಗೆ ಕಾಯದೆ ವೀರಗಲ್ಲು ಹಾಕಿಸಿದವು. ತಾಂಡೂರಿನಲ್ಲಿ ಕಲ್ಲಿಗೆ ಬರವಿಲ್ಲ. ಅಲ್ಲಿನ ಹಾಸುಗಲ್ಲು ಎಷ್ಟೋ ಊರುಗಳ ಮನೆಗಳ ನೆಲವಾಗಿದೆ. ಬರ ಇರುವುದು ಕಂಡದ್ದನ್ನು ಕಂಡಂತೆ ಹೇಳುವ ಬಾಯಿಗೆ.

ಗಡಿಯಲ್ಲಿರುವ ನಮ್ಮಂಥವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ರಾಜಧಾನಿಯಲ್ಲಿ ಕುಳಿತು ಬರೆಯುವವನಿಗೆ ಒಂದೇ ಭಾಷೆಯ ಸಾಕ್ಷಿ ಸಾಕಾಗಬಹುದು. ಜಹೀರಾಬಾದಿನ ಕನ್ನಡ ಮನೆಯಾಕೆ ಆ ಸೆಪ್ಟೆಂಬರಿನ ಮಾತನ್ನು ತಾಯಿಯಿಂದ ಕನ್ನಡದಲ್ಲಿ ಕೇಳಿರುತ್ತಾಳೆ, ಪಕ್ಕದ ಮನೆಯವರಿಂದ ಉರ್ದುವಿನಲ್ಲಿ ಕೇಳಿರುತ್ತಾಳೆ, ಮಕ್ಕಳ ಪಾಠಪುಸ್ತಕದಿಂದ ತೆಲುಗಿನಲ್ಲಿ ತಿಳಿದಿರುತ್ತಾಳೆ. ಮೂರೂ ಕೂಡಿದರೆ ಹಲ್ಮಿಡಿಯ ಕಲ್ಲು ಹೇಳುವ ಎರಡು ನಾಡಿನವರ ಸಮಕ್ಷಮವಾಗುತ್ತದೆ. ಎರಡು ಭಾಷೆಗಳನ್ನು ಒಂದೇ ಹೊಲಿಗೆಯಲ್ಲಿ ಕಟ್ಟುವ ಈ ವಾರ್ಷಿಕಕ್ಕೂ ಅಂಥ ಅನುಕೂಲವಿದೆ.

ಮುಂದಿನ ಸಂಚಿಕೆಗೆ ಸೈನಿಕನ ಬಗ್ಗೆ ಬರೆಯಲು ಕುಳಿತವರು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇವನ ಹೆಸರನ್ನು ಮುಚ್ಚಿದರೂ ಇವನು ಗುರುತು ಸಿಗುತ್ತಾನೆಯೇ? ಎದುರಿಗಿದ್ದವನು ಈ ಕಥೆಯನ್ನು ಓದಿದರೆ, ಹೌದು ಹೀಗೆಯೇ ನಡೆಯಿತು ಎನ್ನುತ್ತಾನೆಯೇ? ಅದೇ ಊರಿನಲ್ಲಿ, ಅದೇ ವಾರದಲ್ಲಿ, ಪದಕವಿಲ್ಲದೆ ಇದೇ ಧೈರ್ಯ ತೋರಿದವರು ಯಾರಾದರೂ ಇದ್ದರೇ? ಮೂರನೆಯ ಪ್ರಶ್ನೆಗೆ ಉತ್ತರ ಬಲ್ಲ ಹಿರಿಯರು ನಮ್ಮ ಸೀಮೆಗಳಲ್ಲಿ ಕೆಲವರೇ ಉಳಿದಿದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಈ ವರ್ಷವೇ ಆಗಬೇಕಾದ ಕೆಲಸ.